ಬೈಯದ ಮೇಡಂ

“ಇದೇನ್ರೀ ಇಂದುಮತಿ! ಲಕ್ಷ್ಮೀನಾರಾಯಣ ರಿಟೈರ್ ಆಗೋವರೆಗೂ ಇಲ್ಲಿ ಒಂದು ಮಷಿನ್ನೂ ಕೆಟ್ಟಿರಲಿಲ್ಲ. ನೀವು ಬಂದ ಮೇಲೆ ಕೆಡದೇ ಇರೋದು ಯಾವುದು ಹೇಳಿ!”

ಮರಾಠಿ ಸೀಮೆಯ ಕನ್ಹಾನ್ ಹತ್ತಿರದ ಬಿಸ್ಕತ್ ಕಾರ್ಖಾನೆಯ ರಿಪೇರಿ ವಿಭಾಗದಲ್ಲಿ ನಿಂತು ಜನರಲ್ ಮ್ಯಾನೇಜರ್ ಚಿದಂಬರ ಗುಡುಗುತ್ತಿದ್ದರು. ಅವರ ಊರು ಮೆತ್ತನೆ ಮಾತಿನ ಮೈಸೂರಾದರೂ ಗಂಟಲು ಮಾತ್ರ ಆ ಕಡೆಯದಲ್ಲ. ಹುಬ್ಬಳ್ಳಿಯ ಇಂದುಮತಿಯನ್ನು ವಿಭಾಗದ ಮುಖ್ಯಸ್ಥೆಯಾಗಿ ಖಾಯಂ ಮಾಡಬೇಕೋ, ಹಳೇ ಮೇಜಿಗೇ ವಾಪಸ್ ಅಟ್ಟಬೇಕೋ ಅಂತ ಇವತ್ತು ತೀರ್ಮಾನ ಆಗಬೇಕಿತ್ತು.

“ಮೊದ್ಲೂ ಕೆಡ್ತಿದ್ದುವು ಸರ್. ಯಾರೂ ಹೇಳ್ತಿರಲಿಲ್ಲ, ಅಷ್ಟ.”

ಮಾತು ನಿಜ. ಹಿಂದಿನ ಮುಖ್ಯಸ್ಥ ಲಕ್ಷ್ಮೀನಾರಾಯಣರ ಕಾಲದಲ್ಲಿ ಕೆಟ್ಟಿದೆ ಅಂತ ಹೇಳಲು ಬಂದವನೇ ಕೆಡಿಸಿದವನು ಅಂತ ಲೆಕ್ಕ. ಬೈಸಿಕೊಳ್ಳುವ ಬದಲು ತಂತಿ ಸುತ್ತಿ ಸುಮ್ಮನಿರುವುದನ್ನು ಎಲ್ಲರೂ ಕಲಿತಿದ್ದರು. ಇಂದುಮತಿ ಬಂದವರೇ ಎಲ್ಲರಿಗೂ ಹಿಂದಿಯಲ್ಲಿ, ಸೊಲ್ಲಾಪುರದ ಫಿಟ್ಟರ್ ಕಾಶೀನಾಥನಿಗೆ ಕನ್ನಡದಲ್ಲಿ, “ಏನಾಗೈತಿ, ಸಾವಕಾಶ ಹೇಳ್ರಿ. ನಾ ಬೈಯಂಗಿಲ್ಲ” ಅಂದರು. ತಗೋ! ಪಂಪು, ಬೆಲ್ಟು, ಫ್ಯಾನು, ಒಂದೊಂದೇ ಬಾಯಿ ಬಿಟ್ಟವು. ಲಿಫ್ಟು ನಡುದಾರಿಯಲ್ಲಿ ನಿಲ್ಲುತ್ತದೆಂದು ಕಾಶೀನಾಥ ಬೆಳಿಗ್ಗೆಯಷ್ಟೇ ಹೇಳಿದ್ದ. ಇಂದುಮತಿ ಅದಕ್ಕೆ ‘ಬಂದ್’ ಬೋರ್ಡು ಹಾಕಿಸಿದ್ದರು.

“ಲಿಫ್ಟೂ ಕೆಟ್ಟಿದೆಯಂತೆ! ನಿನ್ನೆ ಅದರಲ್ಲೇ ಓಡಾಡಿದ್ದೀನಿ. ಹೆಂಗಸರ ಆಡಳಿತ ಅಂದ್ರೆ ಇದೇ, ಕೇಳೋಕೆ ಕೂತರೆ ಎಲ್ಲರೂ ಗೋಳು ತೋಡ್ಕೋತಾರೆ. ಗಂಡಸು ಹೇಗೆ ಕೇಳ್ತಾನೆ ನೋಡಿ.” ಚಿದಂಬರ ಕಾಶೀನಾಥನ ಕಡೆ ತಿರುಗಿ ಅಬ್ಬರಿಸಿದರು, “ಏನಯ್ಯಾ, ಲಿಫ್ಟಿಗೆ ಏನಾಗಿದೆ?”

ಕಾಶೀನಾಥ ಮೇಡಂ ಮುಖ ನೋಡಿದ, ಸಾಹೇಬರ ಮೀಸೆ ನೋಡಿದ. ಹಳೇ ಅಭ್ಯಾಸ ಅಷ್ಟು ಬೇಗ ಎಲ್ಲಿ ಹೋಗುತ್ತೆ? “ಏನೂ ಆಗಿಲ್ರಿ ಸಾಹೇಬ್ರ. ಏಕ್‌ದಮ್ ಬರೋಬರ್ ಐತ್ರಿ.”

“ಕೇಳಿಸ್ತಾ ಮೇಡಂ?”

ಇಂದುಮತಿ ಅಷ್ಟಕ್ಕೇ ಬಿಡಲಿಲ್ಲ. “ಸರ್, ದಯವಿಟ್ಟು ಹತ್ತಬ್ಯಾಡ್ರಿ, ಅದು...”

“ಸಾಕು! ಮೇಲೆ ಹೋಗಿ ಮೊದಲು ಬೇರೆ ಮುಖ್ಯಸ್ಥನ್ನ ಹುಡುಕ್ತೀನಿ.” ಬೋರ್ಡನ್ನು ಕಾಲಿನಿಂದ ಸರಿಸಿ ಚಿದಂಬರ ಲಿಫ್ಟ್ ಹತ್ತಿಯೇಬಿಟ್ಟರು. ಬಾಗಿಲು ಮುಚ್ಚಿತು.

ಲಿಫ್ಟು ಅರ್ಧ ಅಂತಸ್ತು ಏರಿ ಗಕ್ಕನೆ ನಿಂತಿತು. ಒಳಗಿನಿಂದ ಕನ್ನಡ, ಹಿಂದಿ, ಮರಾಠಿ ಎಲ್ಲದರಲ್ಲೂ ಗುಡುಗು. ಒಂದು ಮಾತೂ ತಿಳಿಯುತ್ತಿರಲಿಲ್ಲ.

“ತಪ್ಪಾತ್ರಿ ಮೇಡಂ, ನಾ ಖರೇ ಹೇಳಬೇಕಾಗಿತ್ರಿ,” ಕಾಶೀನಾಥನ ಮುಖ ಬಾಡಿಹೋಗಿತ್ತು.

“ಇರ್ಲಿ ಬಿಡ್ರಿ. ಚಾವಿ ತಗೊಂಡು ಜಲ್ದಿ ಬರ್ರಿ.”

ಇಂದುಮತಿ ಬಾಗಿಲಿನ ಸಂದಿಗೆ ಬಾಯಿಟ್ಟರು. “ಸರ್, ಏನಾಗೈತಿ, ಸಾವಕಾಶ ಹೇಳ್ರಿ. ನಾ ಬೈಯಂಗಿಲ್ಲ.”

ಗುಡುಗು ನಿಂತಿತು. ಒಳಗಿನಿಂದ ಒಂದು ಸಣ್ಣ ದನಿ ಬಂತು.

“ಲಿಫ್ಟ್ ಕೆಟ್ಟಿದೆ, ಮೇಡಂ.”