ಭೀಮನ ಅಮಾವಾಸ್ಯೆಯ ರವಿಕೆ ಕಣ

ರಾತ್ರಿ ಹನ್ನೊಂದು ದಾಟಿದ ಮೇಲೆ ಬೀದಿ ಬಾಗಿಲ ಚಿಲಕ ಮೆಲ್ಲಗೆ ಸದ್ದು ಮಾಡಿತು. ಆದಿಲಕ್ಷ್ಮಿ ಚಾಪೆಯಿಂದೆದ್ದು, ಸೆರಗು ಸರಿಮಾಡಿಕೊಂಡು, ಬುಡ್ಡಿದೀಪ ಹಿಡಿದು ಓಡಿದಳು. ಬಂದವನು ಅವಳ ಗಂಡನಲ್ಲ. ತಂಗಿಯ ಗಂಡ ಬಚ್ಚಪ್ಪ, ಮನೆಯ ಹೊಸ ಅಳಿಯ. ಆಷಾಢವೆಂದು ತಿಂಗಳಿಡೀ ಹೆಂಡತಿಯನ್ನು ತವರಿಗೆ ಬಿಟ್ಟಿದ್ದವನು ಬೆಳಗಾಗುವುದನ್ನೂ ಕಾಯದೆ ತಾಯಿಯೊಂದಿಗೆ ಕೊನೆಯ ರೈಲಿಗೆ ಬಂಗಾರಪೇಟೆಯಲ್ಲಿ ಇಳಿದಿದ್ದ.

“ಭೀಮನಮಾಸೆ ನಾಳೆ ಕಣಪ್ಪ. ಇವತ್ತೇ ಕಾಲು ತೊಳೆಸ್ಕೊಳ್ಳಾಕೆ ಬಂದ್ಯಾ?” ಎಂದು ಆದಿಲಕ್ಷ್ಮಿಯ ತಾಯಿ ಮುನಿಗಂಗಮ್ಮ ನಗೆಯಾಡಿದಳು. ಒಳಗೆ ತಂಗಿ, ಬಳೆ ಸದ್ದಾಗದ ಹಾಗೆ ಮುಂಗೈ ಹಿಡಿದುಕೊಂಡು ನಿಂತಿದ್ದಳು.

ಎಲ್ಲರೂ ಮಲಗಿದ ಮೇಲೆ ಮುನಿಗಂಗಮ್ಮ ದೊಡ್ಡ ಮಗಳನ್ನು ಅಡಿಗೆಮನೆಗೆ ಕರೆದಳು. ಬೀಗಿತ್ತಿ ಆಗಲೇ ಎರಡು ಸಲ ಕೇಳಿದ್ದಳಂತೆ, ದೊಡ್ಡಳಿಯ ಎಲ್ಲಿ ಎಂದು. ಆದಿಲಕ್ಷ್ಮಿಯ ಗಂಡ ಕೋದಂಡಪ್ಪನಿಗೆ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ರಾತ್ರಿ ಪಾಳಿ. ಮೂವರು ಗಂಡಸರು ಒಂದು ಲೈನು ಮನೆಯಲ್ಲಿ ಅಡಿಗೆ ಮಾಡಿಕೊಂಡಿದ್ದೇವೆ, ಬೇರೆ ಮನೆ ಸಿಕ್ಕಿದ ಮೇಲೆ ಕರೆಸಿಕೊಳ್ಳುತ್ತೇನೆ ಎಂದು ಹೇಳಿ ಹೋದವನು ಸಂಕ್ರಾಂತಿಯಿಂದೀಚೆಗೆ ಇತ್ತ ಮುಖ ಹಾಕಿರಲಿಲ್ಲ.

“ಮೊದಲ್ನೇ ರೈಲಿಗೆ ಓಗಿ ಕರ್ಕೊಂಡು ಬಾ. ಒಂದು ಗಂಟೆ ಮಣೆ ಮ್ಯಾಲೆ ಕೂತು ಎದ್ದು ಓಗ್ಲಿ, ಸಾಕು. ನಿನ್ನನ್ನ ಬಿಟ್ಟವ್ನೆ ಅಂತ ಬೀಗಿತ್ತಿಗೆ ಗೊತ್ತಾದ್ರೆ ನಿನ್ ತಂಗಿ ಬಾಳೆಲ್ಲ ಆ ಮಾತು ಕೇಳ್ಬೇಕಾಯ್ತದೆ.”

ಬೆಳಗ್ಗೆ ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದು, ಅವನ ಕಾಗದದಲ್ಲಿದ್ದ ನಂಬರನ್ನು ಕೇಳುತ್ತ ಲೈನಿನ ಉದ್ದಕ್ಕೂ ನಡೆದಳು. ಆ ನಂಬರಿನ ತಡಿಕೆ ಮನೆಯ ಮುಂದೆ ಒಬ್ಬ ಹುಡುಗಿ ರಂಗೋಲಿ ಇಡುತ್ತಿದ್ದಳು. ತಂಗಿಗಿಂತ ಚಿಕ್ಕವಳು, ಕೊರಳಲ್ಲಿ ಇನ್ನೂ ಬಣ್ಣ ಬಿಡದ ಅರಿಶಿನದ ದಾರ. ಅವಳ ಹಿಂದೆ, ಒಳಗಿನ ಗೂಟಕ್ಕೆ ಕೋದಂಡಪ್ಪನ ಕಂದು ಕೋಟು ತೂಗುತ್ತಿತ್ತು. ಮೊಣಕೈಯ ತೇಪೆ ಆದಿಲಕ್ಷ್ಮಿ ತಾನೇ ಹಾಕಿದ್ದು.

ಹುಡುಗಿ ತಲೆಯೆತ್ತಿ, ಬಂದವಳ ಕೈಯಲ್ಲಿದ್ದ ಹೂವಿನ ಪೊಟ್ಟಣ ನೋಡಿ, ಕನ್ನಡದವರಾ ಎಂದು ಕೇಳಿದಳು. ಹೌದೆಂದದ್ದೇ ತಡ, ಮುಖ ಅರಳಿತು.

“ವಾಂಗಕ್ಕಾ, ಸಾಮಿ ಕಳ್ಸಿದಂಗೆ ಬಂದ್ರಿ. ನಿಮ್ ಜನ ಇವತ್ತು ಗಂಡಂಗೆ ಪೂಜೆ ಮಾಡ್ತಾರಲ್ಲ, ದಾರಕ್ಕೆ ಎಷ್ಟು ಗಂಟು ಹಾಕ್ಬೇಕು? ನಮ್ಮವ್ರು ಒಂದು ವಾರದಿಂದ ಮಾಡು ಮಾಡು ಅಂತವ್ರೆ. ಹೆಂಗೆ ಅಂತ ಕೇಳಿದ್ರೆ ಅವ್ರಿಗೂ ಗೊತ್ತಿಲ್ಲ.”

ನಾಲ್ಕು ವರ್ಷವೂ ಅವನು ಮಣೆಯ ಮೇಲೆ ಕೂತು, ಬೇಗ ಮುಗಿಸು, ಬೇಗ ಮುಗಿಸು ಎಂದಿದ್ದ. ಅವನ ಹೆಂಡತಿ ನಾನು ಎಂಬ ಮಾತು ಆದಿಲಕ್ಷ್ಮಿಯ ನಾಲಿಗೆಯ ತುದಿಗೆ ಬಂತು. ಅದನ್ನು ಆಡಲೆಂದೇ ಒಳಗೆ ಕಾಲಿಟ್ಟಳು. ಮೂಲೆಯಲ್ಲಿ ಬಾಳೆಯೆಲೆಯೊಂದು ಬಡಿಸಿತ್ತು: ಅನ್ನ, ವಡೆ, ಪಾಯಸ. ಎಲೆಯ ಪಕ್ಕದಲ್ಲಿ ಗಾಜಿನ ಬಳೆ, ಬದನೆಕಾಯಿ ಬಣ್ಣದ ರವಿಕೆ ಕಣ.

ಅದು ಯಾರಿಗೆ ಎಂದು ಕೇಳಿದಳು.

“ನಮ್ ತಮಿಳ್ರಿಗೆ ಈ ಅಮಾಸೆ ಸತ್ತೋರ್ದು ಅಕ್ಕಾ. ಅವ್ರಿಗೆ ಮೊದ್ಲೊಬ್ಳು ಹೆಂಡ್ತಿ ಇದ್ಳಂತೆ. ತೀರ್ಕೊಂಡ್ಳಂತೆ, ಪಾಪ. ತೈ ತಿಂಗ್ಳಲ್ಲಿ, ಸಂಕ್ರಾಂತಿ ಆದ್ಮೇಲೆ, ನಂಗೆ ತಾಲಿ ಕಟ್ಟೋ ಮುಂಚೇನೇ ಹೇಳಿದ್ರು. ಅವ್ಳ ಜಾಗದಲ್ಲಿ ಕೂತ್ಕೊಂಡು ಅವ್ಳಿಗೆ ಒಂದು ಎಲೆ ಇಡ್ದಿದ್ರೆ ಹೆಂಗೆ? ಅವ್ರಿಗೆ ಹೇಳ್ಲಿಲ್ಲ, ದುಃಖ ಪಡ್ತಾರೆ ಅಂತ.”

ಆದಿಲಕ್ಷ್ಮಿ ಎಲೆಯ ಎದುರಿಗೆ ಕುಳಿತಳು. ಹುಡುಗಿ ನೀರು ತಂದುಕೊಟ್ಟಳು. ಬೆಳಗಿನಿಂದ ಏನಾದರೂ ತಿಂದಿದ್ದೀಯಾ ಎಂದು ಆದಿಲಕ್ಷ್ಮಿ ಕೇಳಿದ್ದಕ್ಕೆ, ಇಲ್ಲ, ಎರಡೂ ಪೂಜೆ ಆಗಬೇಕಲ್ಲ ಎಂದಳು.

ಲೋಟ ಕೆಳಗಿಟ್ಟು ಆದಿಲಕ್ಷ್ಮಿ ದಾರ ಕೇಳಿ ತೆಗೆದುಕೊಂಡಳು. ಅರಿಶಿನ ಹಚ್ಚಿ, ಒಂಬತ್ತು ಗಂಟುಗಳನ್ನು ಒಂದೊಂದಾಗಿ ಹಾಕಿ ತೋರಿಸಿದಳು. ಮೊದಲು ಬಲಗಾಲು ತೊಳೆಯಬೇಕು, ಆಮೇಲೆ ದಾರವನ್ನು ಅವರ ಕೈಯಿಂದಲೇ ಕಟ್ಟಿಸಿಕೊಳ್ಳಬೇಕು ಎಂದು ಹೇಳಿಕೊಟ್ಟಳು. ತಂದಿದ್ದ ಹೂವನ್ನೂ ಕೊಟ್ಟಳು.

ಹೊರಡುವಾಗ ಹುಡುಗಿ ತಡೆದು, ಹಣೆಗೆ ಕುಂಕುಮವಿಟ್ಟು, ಎಲೆಯ ಪಕ್ಕದಿಂದ ಬಳೆಯನ್ನೂ ರವಿಕೆ ಕಣವನ್ನೂ ತಂದು ಮುಂದೆ ಹಿಡಿದಳು.

“ಇದು ಮುತ್ತೈದೆಗೇ ಕೊಡ್ಬೇಕು. ನೀವ್ ತಗೊಂಡ್ರೆ ಅವ್ಳಿಗೆ ಸೇರ್ತದೆ.”

ಆದಿಲಕ್ಷ್ಮಿ ಸೆರಗೊಡ್ಡಿ ತೆಗೆದುಕೊಂಡಳು. ರಾತ್ರಿ ಪಾಳಿ ಬಿಟ್ಟ ಜನ ಲೈನಿನ ಆ ತುದಿಯಲ್ಲಿ ಕಾಣಿಸಿಕೊಂಡಾಗ ಅವಳು ಈ ತುದಿಯಿಂದ ಸ್ಟೇಷನ್ನಿನ ಕಡೆಗೆ ಇಳಿದಿದ್ದಳು.

ಮನೆಯಲ್ಲಿ ಎಲ್ಲರೂ ಜಗಲಿಗೇ ಬಂದು ಕಾಯುತ್ತಿದ್ದರು. ಬೀಗಿತ್ತಿಯೂ ಇದ್ದಳು. ಅವರಿಗೆ ರಜೆ ಸಿಗಲಿಲ್ಲ, ಅಲ್ಲೇ ಪೂಜೆ ಮುಗಿಸಿಕೊಂಡು ಬಂದೆ ಎಂದಳು ಆದಿಲಕ್ಷ್ಮಿ. ಮುನಿಗಂಗಮ್ಮ ನಂಬಲೋ ಬೇಡವೋ ಎಂಬಂತೆ ಮಗಳನ್ನು ನೋಡಿದಳು. ಹಣೆಯ ಕುಂಕುಮ ಕಂಡಿತು. ಸೆರಗಿನಲ್ಲಿದ್ದ ಹೊಸ ಕಣ ಕಂಡಿತು. ಅದನ್ನು ಎಳೆದುಕೊಂಡು, ಬೀಗಿತ್ತಿಗೆ ಕಾಣುವಂತೆ ಬಿಡಿಸಿ, ಮಗಳ ಹೆಗಲಿಗಿಟ್ಟು ನೋಡಿದಳು.

“ನೋಡ್ರಮ್ಮಾ, ನಮ್ ದೊಡ್ಡಳಿಯ ಬಾಯಲ್ಲಿ ಮಾತು ಕಮ್ಮಿ. ಇವ್ಳ ಮೈಬಣ್ಣಕ್ಕೆ ಒಪ್ಪೋದನ್ನೇ ಉಡುಕಿ ತಂದವ್ನೆ.”

ಹೌದಮ್ಮ ಎಂದಳು ಆದಿಲಕ್ಷ್ಮಿ. ಆ ಕಣ ಯಾರಿಗೆ ಇಟ್ಟದ್ದೆಂದು ಯಾರಿಗೂ ಹೇಳಬಾರದು, ಶ್ರಾವಣದ ಮೊದಲ ಶುಕ್ರವಾರದೊಳಗೆ ಹೊಲಿಸಿಕೊಂಡು ತೊಡಬೇಕು ಎಂದು ಆಗಲೇ ನಿರ್ಧರಿಸಿಬಿಟ್ಟಳು.