ಬಲಗೈಯ ಶಾಯಿ

ಲೋಹಿತನ ಎರಡೂ ತೋರುಬೆರಳಿಗೆ ಶಾಯಿ ಇತ್ತು. ಎಡಗೈಯದು ಅವನ ಮೊದಲ ಮತದ್ದು. ಕಣ್ಣು ಕಾಣದ ಅಜ್ಜಿಯ ಪರವಾಗಿ ಗುಂಡಿ ಒತ್ತಿದ್ದಕ್ಕೆ ಬಲಗೈಗೂ ಹಚ್ಚಿ ಕಳಿಸಿದ್ದರು.

ವಾರ್ಡಿನಲ್ಲಿ ನಿಂತವರು ಇಬ್ಬರೇ. ಒಬ್ಬರ ಗುರುತು ಟಾರ್ಚು, ಇನ್ನೊಬ್ಬರದು ಹೊಲಿಗೆ ಮಿಷನ್ನು. ಮನೆಮಂದಿಯೆಲ್ಲ ಟಾರ್ಚಿಗೇ ಹಾಕಬೇಕೆಂದು ದೊಡ್ಡಪ್ಪನ ಕಟ್ಟಪ್ಪಣೆಯಾಗಿತ್ತು. ಬೆಳಿಗ್ಗೆ ಅವರೆದುರೇ ಅಜ್ಜಿ, “ಟಾರ್ಚಿಗೆ ಒತ್ತಪ್ಪ, ನೆಟ್ಟಗೆ ಕೇಳಿಸ್ಕೋ” ಎಂದಿದ್ದಳು.

“ಈಗಿನ ಹುಡುಗರು ಓಟು ಹಾಕಕ್ಕೇ ಹೋಗಲ್ಲ. ಹೋದ್ರೂ ಹಿರಿಯರು ಹೇಳಿದ್ದಕ್ಕೆ ಉಲ್ಟಾ ಒತ್ತಿ ಬರ್ತಾರೆ.” ದೊಡ್ಡಪ್ಪ ಅವನನ್ನೇ ದುರುಗುಟ್ಟಿಕೊಂಡು ನೋಡಿದರು. “ಉಪ್ಪು ತಾ ಅಂದ್ರೆ ಸಕ್ಕರೆ ತರೋನು ನೀನು. ಅಜ್ಜಿದು ಯಾವುದಕ್ಕೆ ಒತ್ತಿದೆ, ನಿಜ ಹೇಳು.”

“ನನ್ನದು ಕೇಳಬೇಡಿ ದೊಡ್ಡಪ್ಪ. ಅಜ್ಜಿದು ಟಾರ್ಚಿಗೇ.”

ಅದು ನಿಜವೇ ಆಗಿತ್ತು. ಮತಗಟ್ಟೆಯಲ್ಲಿ ಅವನ ಬೆರಳು ಹೊಲಿಗೆ ಮಿಷನ್ನಿನ ಗುಂಡಿಯ ತನಕ ಹೋಗಿತ್ತು. ಅಜ್ಜಿಯ ಕೈ ಹೆಗಲ ಮೇಲಿತ್ತು. ಈ ಮತ ತನ್ನದಲ್ಲ ಅನ್ನಿಸಿ ಬೆರಳನ್ನು ಹಿಂದಕ್ಕೆ ಎಳೆದುಕೊಂಡಿದ್ದ.

“ಅಜ್ಜಿ ತಲೆ ಮುಟ್ಟಿ ಹೇಳು.”

ಮುಟ್ಟಿ ಹೇಳಿದ. ದೊಡ್ಡಪ್ಪ ಸಮಾಧಾನದಿಂದ ಎದ್ದು ಬೀದಿಗೆ ಹೋದರು.

ಅವರ ಚಪ್ಪಲಿ ಸದ್ದು ಗೇಟು ದಾಟುವ ತನಕ ಅಜ್ಜಿ ಕಾದಳು. ಆಮೇಲೆ ತಡಕಾಡಿ ಮೊಮ್ಮಗನ ಬಲಗೈ ಹಿಡಿದುಕೊಂಡು ಪಿಸುಗುಟ್ಟಿದಳು:

“ಹುಟ್ಟಿದಾಗಿಂದ ನನ್ನ ಒಂದು ಮಾತೂ ಕೇಳದೋನು, ಇವತ್ತೇ ಯಾಕೋ ಕೇಳಕ್ಕೆ ಹೋದೆ?”