ತೊಟ್ಟಿಯ ಹೊಟ್ಟೆಪಾಡು

ಮೆಕ್ಯಾನಿಕ್ ತೊಟ್ಟಿಯ ಮುಚ್ಚಳ ತೆಗೆದ, ಮೂಗು ಹಿಡಿದುಕೊಂಡ, ಮತ್ತೆ ಮುಚ್ಚಿದ. "ಎಲ್ಲಾ ಸತ್ತಿವೆ ಸಾರ್. ಊಟ ಇಲ್ದೆ."

ಸತ್ತದ್ದು ಬ್ಯಾಕ್ಟೀರಿಯಾ. ಶೌಚಾಲಯದ ಕೊಳಕನ್ನು ತಿಂದು ನೀರನ್ನು ತಿಳಿ ಮಾಡಿ ಮತ್ತೆ ಫ್ಲಶ್ಶಿಗೆ ಕೊಡಲೆಂದು ಮಾಲೀಕರು ಅವನ್ನು ತರಿಸಿ ಈ ವಿಹಾರದ ಬೋಟಿನ ತಳದಲ್ಲಿ ಸಾಕಿದ್ದರು. ಬಂದವರಿಗೆಲ್ಲ ತೊಟ್ಟಿ ತೋರಿಸಿ, ಹೆತ್ತ ಮಗನನ್ನು ಹೊಗಳಿದ ಹಾಗೆ ಹೊಗಳುತ್ತಿದ್ದರು. ಪ್ರವಾಸಿಗರಿಲ್ಲದ ತಿಂಗಳುಗಳಲ್ಲಿ ತೊಟ್ಟಿಗೆ ಏನೂ ಬೀಳಲಿಲ್ಲ. ಹಾಗೆಂದು ಬೋಟಿನಲ್ಲಿ ಜನರೇ ಇರಲಿಲ್ಲವೆಂದಲ್ಲ. ಅಡುಗೆಯಾಕೆ ಇದ್ದಳು, ಚುಕ್ಕಾಣಿಯವನಿದ್ದ. ಆದರೆ ಅವರ ಪಾಲಿಗೆ ಶೌಚಾಲಯದ ಬಾಗಿಲಿಗೆ ಯಾವಾಗಲೂ ಬೀಗ. ಬಿಳಿ ಟೈಲ್ಸು ಕೊಳೆಯಾಗುತ್ತದಂತೆ.

ಚುಕ್ಕಾಣಿಯವನು ಗಂಡಸು, ಹೇಗೋ ಸುಧಾರಿಸುತ್ತಿದ್ದ. ಅಡುಗೆಯಾಕೆ ಬೋಟು ಹೊರಟ ದಿನ ಗುಟುಕು ನೀರೂ ಕುಡಿಯದೆ, ದಡ ಮುಟ್ಟುವವರೆಗೆ ಹಲ್ಲು ಕಚ್ಚಿಕೊಂಡಿರುತ್ತಿದ್ದಳು. ಮೂತ್ರದ ಸೋಂಕಾಗಿ ಆಸ್ಪತ್ರೆಯನ್ನೂ ಸೇರಿದ್ದಳು. ಬೀಗದ ಕೈ ಕೇಳಿದರೆ ಮಾಲೀಕರದು ಒಂದೇ ಮಾತು: "ದಡದಲ್ಲಿ ಇದೆಯಲ್ಲ." ದಡ ಎಷ್ಟು ದೂರ ಎಂಬುದು ಅವರ ಹೊಟ್ಟೆಗೆ ಯಾವತ್ತೂ ಗೊತ್ತಾಗಿರಲಿಲ್ಲ.

"ಹೊಸದು ತಂದು ಹಾಕ್ತೀನಿ, ಮೊಸರಿಗೆ ಹೆಪ್ಪು ಹಾಕಿದ ಹಾಗೆ," ಎಂದ ಮೆಕ್ಯಾನಿಕ್. "ಆದ್ರೆ ಬಂದರಿನೋರು ನೀರು ಪರೀಕ್ಷೆ ಮಾಡೋವರೆಗೂ ದಿನಾ ಊಟ ಬೀಳ್ಬೇಕು. ಪಾಸಾಗ್ದೆ ಬೋಟು ಬಿಡೋ ಹಾಗಿಲ್ಲ."

"ಊಟ ಅಂದ್ರೆ?" ಎಂದರು ಮಾಲೀಕರು.

ಮೆಕ್ಯಾನಿಕ್ ಶೌಚಾಲಯದ ಬಾಗಿಲು ತೋರಿಸಿದ. "ನೀವೊಬ್ರೇ ಸಾಕಾಗಲ್ಲ ಸಾರ್."

ಕಾರ್ಯವಾಸಿ ಕತ್ತೆ ಕಾಲು ಹಿಡಿ ಅನ್ನುತ್ತಾರೆ. ಮಾಲೀಕರು ನೇರ ಅಡುಗೆಮನೆಗೇ ಬಂದರು. "ಇದು ನಿಮ್ಮದೇ ಬೋಟು ಅಂತ ತಿಳ್ಕೊಳ್ಳಿ ಅಮ್ಮಾ," ಎಂದು ಬೀಗದ ಕೈ ಕೊಟ್ಟರು. ಚುಕ್ಕಾಣಿಯವನಿಗೆ ಒಂದು ಗೊನೆ ಬಾಳೆಹಣ್ಣು ತಂದರು. ಬೆಳಗಾದರೆ ಬಂದು "ಎಲ್ಲಾ ಸರಾಗ ಆಯ್ತಾ?" ಎಂದು ವಿಚಾರಿಸುವ ಧಣಿಯನ್ನು ಯಾವ ಕೆಲಸದವರು ಕಂಡಿದ್ದಾರೆ? ಅಡುಗೆಯಾಕೆ ಮಾತ್ರ ಮೊದಲ ದಿನ ಚಿಲಕ ಹಾಕಿಕೊಂಡು ಒಳಗೆ ಅತ್ತಳು. ಇಷ್ಟು ಸಣ್ಣದಕ್ಕೆ ಇಷ್ಟು ವರ್ಷ ನೋವು ತಿಂದೆನಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ನೀರು ಪಾಸಾಯಿತು. ಬ್ಯಾಕ್ಟೀರಿಯಾ ಇದು ಯಾರದು ಎಂದು ಕೇಳುವ ಪೈಕಿಯಲ್ಲ. ಮಾಲೀಕರು ತಿಳಿ ನೀರಿನ ಲೋಟ ಎತ್ತಿ ಹಿಡಿದು, "ನಮ್ಮ ಬೋಟಿನ ಶಿಸ್ತು" ಎಂದು ಬಂದರಿನವರ ಮುಂದೆ ಬೀಗಿದರು.

ಮೊದಲ ಪ್ರಯಾಣದ ದಿನ ಅತಿಥಿಗಳು ಬಂದು ಮೇಲೆ ಕುರ್ಚಿ ಎಳೆದುಕೊಂಡು ಕೂತರು. ಹಗ್ಗ ಬಿಚ್ಚುವುದೊಂದು ಬಾಕಿ. ಮಾಲೀಕರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈ ಚಾಚಿದರು.

"ಕೀ ಕೊಡು. ಇನ್ನು ತೊಟ್ಟಿಗೆ ನಿಮ್ಮ ಅಗತ್ಯ ಇಲ್ಲ, ಜನ ಬಂದ್ರಲ್ಲ."

ಎಸರು ಕುದಿಯುತ್ತಿತ್ತು, ತರಕಾರಿ ಇನ್ನೂ ಹೆಚ್ಚಬೇಕಿತ್ತು. ಅಡುಗೆಯಾಕೆ ಒಲೆ ಆರಿಸಿದಳು. ಬೀಗದ ಕೈಯನ್ನು ಅವರ ಅಂಗೈಯಲ್ಲಿಟ್ಟು, ಅದರ ಮೇಲೆ ಸೌಟನ್ನೂ ಇಟ್ಟು, ದಡಕ್ಕೆ ಹಾಕಿದ್ದ ಹಲಗೆಯತ್ತ ನಡೆದಳು.

"ತೊಟ್ಟಿಗೆ ನಾವು ಊಟ ಹಾಕಿದ್ದಾಯ್ತು ಸಾರ್. ಅತಿಥಿಗಳಿಗೆ ನೀವು ಹಾಕಿ."